ಸೀರೆಗಾಗಿ ನಿಂತ ಬಸ್ಸು

ಚಳ್ಳಕೆರೆಯಿಂದ ನಾಯಕನಹಟ್ಟಿಗೆ ನಾನು ದಿನವೂ ಹೋಗುತ್ತಿದ್ದ ಬಸ್ಸಿನ ಕಂಡಕ್ಟರಮ್ಮ, ಸೀಟಿ ಊದುವ ಮೊದಲು ಬಾಗಿಲಲ್ಲಿ ನಿಂತು, ಬೇರೆ ಊರಿನ ಬಸ್ಸುಗಳು ಬರುವ ದಾರಿಯತ್ತ ಕತ್ತು ಚಾಚಿ ನೋಡುತ್ತಿದ್ದರು. ಯಾರಾದರೂ ಗೊಣಗಿದರೆ, “ತಡೀರಿ, ಬರ್ತಾರೆ” ಎನ್ನುತ್ತಿದ್ದರು.

ಒಂದು ಸಂಜೆ ಮೊಳಕಾಲ್ಮೂರಿನ ರಸ್ತೆಯಲ್ಲಿ ಶೇಂಗಾ ಲಾರಿಯೊಂದು ಕೆಟ್ಟು ಅಡ್ಡ ನಿಂತು, ಅಲ್ಲಿಂದ ಬರುವ ಬಸ್ಸು ಸಿಕ್ಕಿಕೊಂಡಿತು. ಅದರಲ್ಲಿದ್ದ ನೇಕಾರರೊಬ್ಬರು ನಮ್ಮ ದಾರಿಯ ಹಳ್ಳಿಯ ಮದುಮಗಳಿಗೆ ಧಾರೆ ಸೀರೆ ತರುತ್ತಿದ್ದಾರೆಂದು ಆ ಬಸ್ಸಿನ ಕಂಡಕ್ಟರ್ ಫೋನ್ ಮಾಡಿದರು. ಧಾರೆ ಮರುದಿನ ಬೆಳಿಗ್ಗೆ. ಆ ಹಳ್ಳಿಗೆ ನಮ್ಮದೇ ಕೊನೆಯ ಬಸ್ಸು.

“ನಾವು ನಿಂತ್ರೆ ನಾಯಕನಹಟ್ಟೀಲಿ ಮುಂದಿನ ಬಸ್ಸೂ ನಮಗೋಸ್ಕರ ನಿಲ್ಬೇಕಾಗ್ತೈತೆ ಕಣಮ್ಮ,” ಎಂದರು ಡ್ರೈವರ್.

“ನಿಲ್ಲಲಿ ಬಿಡ್ರಿ. ಸೀರೆ ಇಲ್ದೆ ಆ ಹುಡುಗಿ ಧಾರೆಗೆ ನಿಲ್ಲೋಕಾಗ್ತೈತಾ?”

ಬಸ್ಸೆಲ್ಲ ನಕ್ಕಿತು. ಕೊನೆಗೂ ಮೊಳಕಾಲ್ಮೂರಿನ ಬಸ್ಸು ಬಂತು. ನೇಕಾರರು ಗಂಟನ್ನು ಎದೆಗವಚಿಕೊಂಡು ಓಡಿ ಬಂದಾಗ, ಅಲ್ಲಿಯವರೆಗೆ ಗೊಣಗುತ್ತಿದ್ದವರೇ ಎದ್ದು ಸೀಟು ಕೊಟ್ಟರು.

ಹಳ್ಳಿಯ ಸ್ಟಾಪಿನಲ್ಲಿ ಕೆನ್ನೆ ತುಂಬ ಅರಿಶಿನ ಹಚ್ಚಿಕೊಂಡು ಮದುಮಗಳೇ ಕಾಯುತ್ತಿದ್ದಳು. ಸೀರೆಯ ಗಂಟನ್ನು ಅವ್ವನ ಕೈಗಿಟ್ಟು ಕಂಡಕ್ಟರಮ್ಮನನ್ನು ತಬ್ಬಿಕೊಂಡಳು. ಖಾಕಿ ಅಂಗಿಯ ಹೆಗಲು ಹಳದಿಯಾಯಿತು. ಎಲ್ಲರಿಗೂ ಲಾಡು ಕೊಡದೆ ಬಸ್ಸು ಬಿಡುವುದಿಲ್ಲವೆಂದು ಅವ್ವ ಹಟ ಹಿಡಿದಾಗ ಡ್ರೈವರ್ ನಗುತ್ತಾ ಎಂಜಿನ್ ಆರಿಸಿದರು.

ಕಂಡಕ್ಟರಮ್ಮ ಲಾಡು ಮೆಲ್ಲುತ್ತಲೇ ನಾಯಕನಹಟ್ಟಿಗೆ ಫೋನ್ ಹಚ್ಚಿದರು:

“ಅಣ್ಣಾ, ಇನ್ನೊಂಚೂರು ತಡ ಆಗ್ತೈತೆ. ಬೈಬ್ಯಾಡ, ನಿನ್ ಬಸ್ಸಿನೋರಿಗೂ ಲಾಡು ತರ್ತಾ ಇದೀನಿ!”