ಕೌದಿಗೊಂದು ಉತಾರ

ಕಳೆದ ವಾರ ಒಬ್ಬ ಮನುಷ್ಯ ನಮ್ಮ ಓಣಿಗೆ ಬಂದು, ಹೊಚ್ಚ ಹೊಸ ಕೌದಿಯೊಂದನ್ನು ಸುಡೋಣ ಎಂದ. ಸುಡುವುದನ್ನು ವಿಡಿಯೊ ಮಾಡಿಕೊಳ್ಳುತ್ತಾನಂತೆ. ಅವನನ್ನು ಕರೆಸಿದವರು ಯಾರು? ನಾನೇ!

ಗಜೇಂದ್ರಗಡದಲ್ಲಿ ನಮ್ಮ ಪಕ್ಕದ ಮನೆ ಶಾವಂತ್ರೆವ್ವನದು. ತೀರಿಹೋದ ತಾಯಿಯ ಸೀರೆಗಳನ್ನು ಕತ್ತರಿಸಿ, ತಿಂಗಳುಗಟ್ಟಲೆ ಕೂತು ಆಕೆ ಒಂದು ಕೌದಿ ಹೊಲಿದಳು. ಮಗಳು ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹುಟ್ಟುವ ಕೂಸು ಮುತ್ತಜ್ಜಿಯ ಸೀರೆಯಲ್ಲೇ ಬೆಚ್ಚಗೆ ಮಲಗಲಿ ಎಂಬ ಆಸೆ. ನಾನು (ಸುಮ್ಮನಿರಲಾರದವನು) ಅದರ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದೆ. ಬೆನ್ನಿಗೇ ಮೆಸೇಜು ಬಂತು: ‘ನಾನು ಡಿಜಿಟಲ್ ಆರ್ಟ್ ಕ್ಯುರೇಟರ್. ಇದನ್ನು ಎನ್‌ಎಫ್‌ಟಿ ಮಾಡೋಣ, ಬರಲೇ?’ ಉಬ್ಬಿಹೋಗಿ ಬನ್ನಿ ಎಂದುಬಿಟ್ಟೆ.

ಬಂದ. ಕೌದಿಯನ್ನು ಕಟ್ಟೆಯ ಮೇಲೆ ಹರಡಿ ನಾಲ್ಕೂ ಕಡೆಯಿಂದ ಫೋಟೊ ಹೊಡೆದ.

‘ಎನ್‌ಎಫ್‌ಟಿ ಅಂದ್ರ ಏನೋ ತಮ್ಮಾ?’ ಶಾವಂತ್ರೆವ್ವ ನನ್ನನ್ನು ಕೇಳಿದಳು.

ನನಗೂ ಅರೆಬರೆಯೇ. ಹೊಲದ ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತೇವೆ, ಅದನ್ನೇ ಹಿಡಿದು ಹೇಳಿದೆ. ‘ಹೊಲಕ್ಕ ಉತಾರ ಇರತೈತಲ್ಲ ಯಕ್ಕಾ, ಹಂಗ. ಕಂಪ್ಯೂಟರ್ ಚಿತ್ರಕ್ಕೂ ಒಂದು ಉತಾರ. ಇದರ ಮಾಲಕರು ಇಂಥವ್ರು ಅಂತ.’

‘ಮತ್ತ ಆ ಚಿತ್ರ ಬ್ಯಾರೆಯವ್ರು ನೋಡಾಕ ಬರಂಗಿಲ್ಲೇನು?’

‘ಎಲ್ಲಾರೂ ನೋಡಬಹುದು. ಕಾಪೀನೂ ಮಾಡ್ಕೋಬಹುದು.’

‘ಹೊಲ ಊರ ಮಂದೆಲ್ಲಾ ಬಿತ್ತೋದು, ಉತಾರ ಅಷ್ಟ ಒಬ್ಬನ ಕೈಯಾಗ. ಭಾಳ ಚಲೋ ಆತು ಬಿಡು!’

ನಕ್ಕೆ. ಖರೇ ಹೇಳಬೇಕೆಂದರೆ, ಈ ಉತಾರದ ಮೇಲೆ ನನಗೂ ಕೊಂಚ ನಂಬಿಕೆ ಇತ್ತು. ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರ ಕೆಲಸವನ್ನು ನಾವು ಹೆಸರೂ ಹೇಳದೆ ಫಾರ್ವರ್ಡ್ ಮಾಡುತ್ತೇವಲ್ಲ? ಅವರಿಗೊಂದು ದಾಖಲೆ ಸಿಕ್ಕರೆ ತಪ್ಪೇ? ತಪ್ಪಲ್ಲ. ಆದರೆ ದಾಖಲೆ ಬರೆಸಿಕೊಳ್ಳುವವರು ಯಾರು?

‘ಯಾರ ಹೆಸರಿಗೆ ಮಾಡ್ತೀರಿ?’ ಎಂದು ಅವನನ್ನು ಕೇಳಿದೆ.

‘ಮೊದಲು ನನ್ನ ಅಕೌಂಟಿಗೆ ಸರ್. ಅದು ಪ್ರೊಸೀಜರ್.’

ಅಲ್ಲಿಗೆ ನನ್ನ ಕಿವಿ ನೆಟ್ಟಗಾದವು. ಆಮೇಲೆ ಬಂತು ನೋಡಿ ಅಸಲು ಮಾತು.

‘ಕೌದಿ ಇಲ್ಲೇ ಇದ್ದರೆ ಡಿಜಿಟಲ್ ಪ್ರತಿಗೆ ಬೆಲೆ ಬರೋಲ್ಲ. ಅದೊಂದೇ ಒರಿಜಿನಲ್ ಆಗಬೇಕು. ಹಿತ್ತಲಲ್ಲಿ ಇದನ್ನ ಸುಟ್ಟುಬಿಡೋಣ. ಹೊರದೇಶದಲ್ಲೂ ಹೀಗೆ ಮಾಡಿದ್ದಾರೆ.’

ಬಾಗಿಲಲ್ಲಿ ನಿಂತಿದ್ದ ರೇಣುಕಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡಿದಳು. ನಾಚಿಕೆಯಿಂದ ನೆಲ ನೋಡಿದೆ. ಎಂಥ ಕೆಲಸ ಮಾಡಿಬಿಟ್ಟೆ!

ಶಾವಂತ್ರೆವ್ವ ಕೂಗಾಡಲಿಲ್ಲ. ಕೌದಿಯ ಒಂದು ಮೂಲೆಯನ್ನು ಅವನ ಕೈಗೆ ಕೊಟ್ಟು, ‘ಹಿಚುಕಿ ನೋಡ್ರಿ’ ಎಂದಳು. ಒಳಗೆ ಏನೋ ಗಟ್ಟಿ. ನಮ್ಮ ಕಡೆ ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು ಎಂಬ ನಂಬಿಕೆ. (ಇಲಿಗಳಿಗೂ ಈ ಪದ್ಧತಿ ಗೊತ್ತು, ಆ ಮಾತು ಬೇರೆ.)

‘ರೊಟ್ಟಿ ಐತ್ರಿ ಅದರಾಗ. ಉಣ್ಣಿಸಿದ ಕೈಲೇನ ಬೆಂಕಿ ಹಚ್ಚತಾರೇನ್ರಿ?’

ಅವನು ಮೂಲೆ ಬಿಟ್ಟ. ಚಹಾ ಕುಡಿದು ಹೊರಟ. (ಚಹಾ ಕೊಡದೆ ಕಳಿಸುವುದು ನಮ್ಮ ಕೈಲಾಗದು, ಏನು ಮಾಡುವುದು?)

ಆದರೆ ಫೋಟೊಗಳು ಅವನ ಮೊಬೈಲಿನಲ್ಲೇ ಉಳಿದಿವೆ. ಯಾರ ಹೆಸರು ಹಚ್ಚಿ ಎಲ್ಲಿ ಮಾರುತ್ತಾನೋ! ನನ್ನ ಈ ಗುಮಾನಿಯನ್ನು ಶಾವಂತ್ರೆವ್ವನ ಮುಂದೆ ತೋಡಿಕೊಂಡೆ. ಆಕೆ ಕೌದಿ ಮಡಚುತ್ತಿದ್ದಳು.

‘ಮಾಡ್ಕೊಳ್ಳಲಿ ಬಿಡೋ ತಮ್ಮಾ. ಅವನ ಕೌದಿ ಮೂಲ್ಯಾಗ ರೊಟ್ಟಿ ಯಾರು ಇಡತಾರ?’