ಗುಡ್ಡಪ್ಪಜ್ಜನ ಚಂದ್ರಿ

ಗುಡ್ಡಪ್ಪಜ್ಜ ನಾಯಿಮರಿಗಳನ್ನು ಗೂಟಕ್ಕೆ ಕಟ್ಟುತ್ತಿರಲಿಲ್ಲ, ಟಗರಿನ ಕೊರಳಿಗೆ ಕಟ್ಟುತ್ತಿದ್ದ. ನಡುವೆ ಎರಡು ಮೊಳದ ಹಗ್ಗ. ಟಗರು ಮೇಯುವಾಗ ಮರಿ ಕಾಯಬೇಕು, ಟಗರು ನಡೆದರೆ ಜೊತೆಗೆ ನಡೆಯಬೇಕು, ಟಗರು ಮಲಗಿದರೆ ಅದರ ಉಣ್ಣೆಗೆ ಒತ್ತಿ ಮಲಗಬೇಕು. ಹಲ್ಲು ತೋರಿಸಿದ ಮರಿಗೆ ಒಂದೇ ಗುಮ್ಮು, ಎರಡನೆಯದು ಬೇಕಾಗುತ್ತಿರಲಿಲ್ಲ. ಆ ಮುದಿ ಟಗರಿಗೆ ಅಜ್ಜ 'ಮಾಸ್ತರ' ಎಂದು ಹೆಸರಿಟ್ಟಿದ್ದ. "ಇಂಥಾ ಮಾಸ್ತರ ಸಿಕ್ಕಿದ್ರ ನಾನೂ ನಾಕ ಅಕ್ಷರ ಕಲೀತಿದ್ದೆ ನೋಡ್ರಿ" ಎಂದು, ಸಾಲಿಯ ಕಟ್ಟೆ ಹತ್ತದ ಆ ಮನುಷ್ಯ ನಗುತ್ತಿದ್ದ.

ಹಾನಗಲ್ ತಾಲೂಕಿನಲ್ಲಿ ಆಡೂರಿನ ಆಚೆ, ಕಾಡಿನ ಅಂಚಿಗಿರುವ ಸಣ್ಣ ಊರು ಅವನದು. ದನದ ಡಾಕ್ಟರಾಗಿ ನನ್ನ ಮೊದಲ ನೇಮಕ ಆ ಕಡೆಗೇ ಆಗಿತ್ತು. ಹಿಂದೆ ಮೊಲದ ಬೇಟೆಗೆಂದು ಸಾಕುತ್ತಿದ್ದ ಉದ್ದ ಮೂತಿಯ, ಸಣ್ಣ ನಡುವಿನ ನಾಯಿಗಳು ಈಗ ಗೋವಿನಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಓಡಿಸುವ ಕೆಲಸಕ್ಕೆ ಬಂದಿವೆ. ಆದರೆ ಇದು ಹಂದಿ, ಇದು ಕುರಿ ಎಂಬ ಭೇದ ಬೇಟೆನಾಯಿಗೆ ಹುಟ್ಟಿನಿಂದ ಬರುವುದಿಲ್ಲ. ಓಡುವುದೆಲ್ಲ ಅದಕ್ಕೆ ಬೇಟೆಯೇ. ಆ ಭೇದ ಕಲಿಸಲು ಶಿಗ್ಗಾಂವಿ, ಸವಣೂರು ಕಡೆಯ ರೈತರೂ ಅಜ್ಜನಲ್ಲಿಗೆ ಮರಿಗಳನ್ನು ತರುತ್ತಿದ್ದರು. ಹಿರೇಕೆರೂರಿನಿಂದ ಇಬ್ಬರು ಬೈಕಿನ ಮೇಲೆ ನಡುವೆ ನಾಯಿ ಕೂರಿಸಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಮೂವರಲ್ಲಿ ನಾಯಿಯೇ ಹೆಚ್ಚು ಗಂಭೀರವಾಗಿ ಕೂತಿತ್ತು.

"ಮೊಲ ಹಿಡಿಸೂದು ಪೂರಾ ಬಿಟ್ಟೀರೋ ಇಲ್ಲೋ, ಅಜ್ಜಾರ?" ಎಂದು ನಾನು ಕೆಣಕುತ್ತಿದ್ದೆ.

"ನೀವೂ ಸರಕಾರದವ್ರ ಅಲ್ರೀ, ಬಾಯಾರ. ನಿಮ್ಮ ಮುಂದ ಪೂರಾ ಬಿಟ್ಟೇನಿ."

ಕುರಿ ಇದ್ದಲ್ಲಿ ಅವನು ಎಂದೂ ದನಿ ಎತ್ತಿದವನಲ್ಲ. ನಾಲಿಗೆಯಿಂದ ಒಮ್ಮೆ ಲೊಚ್ ಎಂದರೆ ನಾಯಿ ನಿಂತಲ್ಲೇ ಕೂರುತ್ತಿತ್ತು. "ನಾವು ಒದರಿದ್ರ ಕುರಿ ಬೆದರತಾವು. ಕುರಿ ಓಡಿದ್ರ ನಾಯಿ ಬೆನ್ನ ಹತ್ತತೈತಿ. ಆಮ್ಯಾಲೆ ಬೈಯೂದು ಮಾತ್ರ ನಾಯಿಗೆ" ಎನ್ನುತ್ತಿದ್ದ. ಕಡೆಯ ಪರೀಕ್ಷೆ ಕುರಿ ಈಯುವ ಹೊತ್ತಿನಲ್ಲಿ. ಹಸಿ ಮರಿ ನೆಲಕ್ಕೆ ಬಿದ್ದು ರಕ್ತದ ವಾಸನೆ ಹರಡಿದಾಗ ನಾಯಿ ಕುರಿ ಕೂಡುವ ದಡ್ಡಿಯ ಬಾಗಿಲಲ್ಲಿ ಕೂತು ಮುಖ ಆಚೆ ತಿರುಗಿಸಬೇಕು. ಅವನ ಸ್ವಂತ ನಾಯಿ ಚಂದ್ರಿ ಮುಖ ತಿರುಗಿಸಿ ಕಣ್ಣನ್ನೂ ಮುಚ್ಚುತ್ತಿತ್ತು. ಅದನ್ನು ಹೇಳುವಾಗ ಅಜ್ಜನಿಗೆ ಮಗಳ ಗುಣ ಹೊಗಳುವವನ ಹಿಗ್ಗು.

ಇಷ್ಟೆಲ್ಲದರ ಮೇಲೆ ಅವನು ಕುರಿಗಾರರಿಗೆ ಒಂದು ಮಾತು ಕೊಟ್ಟಿದ್ದ. ತಾನು ಕಲಿಸಿದ ನಾಯಿ ಕುರಿಗೆ ಬಾಯಿ ಹಾಕಿದರೆ ಅದನ್ನು ಮರುದಿನದವರೆಗೂ ಉಳಿಸುವುದಿಲ್ಲ ಎಂದು. ಆ ಮಾತನ್ನು ನಂಬಿಯೇ ಊರವರು ಇಂಥ ನಾಯಿಗಳನ್ನು ಕುರಿಗಳ ನಡುವೆ ತಿರುಗಾಡಲು ಬಿಟ್ಟಿದ್ದರು.

ನಾನು ಸೇರಿದ ಎರಡನೆಯ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ಬೀರಪ್ಪನೆಂಬ ಕುರಿಗಾರನ ದಡ್ಡಿಯಲ್ಲಿ ಎರಡು ಕುರಿ ಸತ್ತು ಬಿದ್ದಿದ್ದವು. ಹೊರಗೆ ಚಂದ್ರಿ ಮೂತಿಗೆಲ್ಲ ರಕ್ತ ಮಾಡಿಕೊಂಡು ಕೂತಿತ್ತು. ನಾನು ಹೋಗುವಷ್ಟರಲ್ಲಿ ಊರೇ ಸೇರಿತ್ತು. ಸತ್ತ ಕುರಿಗಳ ಕುತ್ತಿಗೆಯ ಮೇಲೆ ಹಲ್ಲಿನ ಗುರುತು. ಅದು ನಾಯಿಯದೋ ತೋಳದ್ದೋ ಎಂದು ನಿಂತ ನಿಲುವಿನಲ್ಲಿ ಹೇಳಲು ಬರುವುದಿಲ್ಲ, ಅದು ನನಗೆ ಗೊತ್ತಿತ್ತು ಕೂಡ. ಆದರೆ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಬೆನ್ನ ಹಿಂದೆ 'ಹುಡುಗಿ ಡಾಕ್ಟರ್' ಎಂದು ನಗುತ್ತಿದ್ದವರೂ ಅವರಲ್ಲಿದ್ದರು.

"ನಾಯಿನೇ ಕಡದದ" ಎಂದೆ.

ಗುಡ್ಡಪ್ಪಜ್ಜ ಮೆಲ್ಲಗೆ ಹತ್ತಿರ ಬಂದ. "ಬಾಯಾರ, ಇನ್ನೊಮ್ಮೆ ನೋಡ್ರಿ. ಚಂದ್ರಿ ಕಿವಿ ಹರದೈತಿ. ಕುರಿ ಎಲ್ಲಿ ಕಿವಿ ಹರೀತೈತ್ರಿ? ಅದು ಯಾವುದರ ಜೋಡಿನೋ ಕಾದಾಡೇತಿ."

"ಬೇಲಿ ತಂತಿ ತಾಗಿರಬೇಕು. ಅಜ್ಜಾರ, ನಾ ಐದು ವರ್ಷ ಓದಿ ಬಂದದ್ದು ಇದನ್ನ."

ಅವನು ನನ್ನ ಮುಖ ನೋಡಿದ. ಆಮೇಲೆ ಸತ್ತ ಕುರಿಗಳನ್ನು ನೋಡಿದ. "ಓದಿದವ್ರು ಹೇಳಿದ ಮ್ಯಾಲೆ ಮುಗೀತ್ರಿ" ಎಂದು ತಲೆಯ ರುಮಾಲು ತೆಗೆದು ಬೀರಪ್ಪನ ಮುಂದೆ ತಲೆ ಬಾಗಿಸಿದ. ಆ ಮಾತು ಕೇಳಿ ನನಗೆ ಒಳಗೊಳಗೇ ಸಂತೋಷವಾಯಿತು. ಇವತ್ತಿಗೂ ನನಗೆ ಹೆಚ್ಚು ನಾಚಿಕೆ ತರುವುದು ಆ ಸಂತೋಷವೇ.

ಅದೇ ಮಧ್ಯಾಹ್ನ ಚಂದ್ರಿಯನ್ನು ದವಾಖಾನೆಗೆ ತಂದ. ಹಗ್ಗ ಹಾಕಿರಲಿಲ್ಲ, ಅದು ಅವನ ಹಿಂದೆ ಹಿಂದೆ ನಡೆದು ಬಂದಿತ್ತು. "ಕೊಡ್ಲಿ ಎತ್ತಾಕ ಕೈ ಬರವಲ್ದ್ರಿ. ಸೂಜಿ ಹಾಕಿಬಿಡ್ರಿ" ಎಂದ. ಎರಡು ದಿನ ಕಟ್ಟಿಹಾಕಿ ನೋಡೋಣ ಎಂದು ನಾನು ಹೇಳಬಹುದಿತ್ತು. ಹೇಳಿದರೆ ಬೆಳಗಿನ ನನ್ನ ಮಾತು ಸಡಿಲಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ. ಚಂದ್ರಿ ಅವನ ತೊಡೆಯ ಮೇಲೆ ತಲೆಯಿಟ್ಟಿತು. ಅವನು ಲೊಚ್ ಎಂದ, ಅದು ಅಲುಗಾಡಲಿಲ್ಲ. ಔಷಧ ಪೂರ್ತಿ ಒಳಗೆ ಹೋದ ಮೇಲೆ ನಾನು ಆ ಕಿವಿಯನ್ನು ಸರಿಯಾಗಿ ನೋಡಿದೆ. ತಂತಿ ಗೀರಿದ ಗಾಯ ಹಾಗಿರುವುದಿಲ್ಲ. ಹಲ್ಲು ಊರಿದ ಗುರುತು ಸ್ಪಷ್ಟವಾಗಿತ್ತು. ಅಜ್ಜನಿಗೆ ಏನೂ ಹೇಳದೆ ಕೈ ತೊಳೆದುಕೊಂಡೆ.

ಹನ್ನೆರಡು ದಿನಗಳ ಮೇಲೆ ಪಕ್ಕದ ಊರಿನ ದಡ್ಡಿಗೆ ತೋಳಗಳು ನುಗ್ಗಿದವು. ಈ ಸಲ ಕುರಿಗಾರರು ಕಣ್ಣಾರೆ ಕಂಡರು. ಒಂದು ತೋಳ ಕುಂಟುತ್ತಿತ್ತಂತೆ.

ಗುಡ್ಡಪ್ಪಜ್ಜ ಯಾರ ಮುಂದೆಯೂ ನನ್ನ ಹೆಸರು ಎತ್ತಲಿಲ್ಲ. ಬೀರಪ್ಪನೇ ಹೋಗಿ ಕೈಮುಗಿದು, ಬೇರೊಂದು ಮರಿ ತಂದುಕೊಡುತ್ತೇನೆ ಎಂದನಂತೆ, ಅಜ್ಜ ಒಲ್ಲೆ ಎಂದ. ಸವಣೂರಿನಿಂದ ಮರಿ ತಂದವರನ್ನು ಚಹಾ ಕುಡಿಸಿ ಹಾಗೇ ವಾಪಸು ಕಳಿಸಿದ. "ಕಲಿಸೂದು ಬರತೈತ್ರಿ, ಕಾಯೂದು ಬರಲಿಲ್ಲ" ಎಂದನಂತೆ. ನಾನು ಆ ಊರಿಗೆ ಲಸಿಕೆ ಹಾಕಲು ಹೋದಾಗಲೆಲ್ಲ ಅವನ ಓಣಿಯನ್ನು ಬಿಟ್ಟು ಸುತ್ತು ಹಾಕಿ ಬರುತ್ತಿದ್ದೆ.

ಅವನ ಮನೆಗೆ ಹೋಗಲು ನನಗೆ ನಾಲ್ಕು ತಿಂಗಳು ಬೇಕಾದವು. ಆ ವರ್ಷದ ಮಳೆಗಾಲದಲ್ಲಿ ಅವನು ತೀರಿಕೊಂಡ, ಹಾಗಾಗಿ ಅದೇ ಕಡೆಯ ಭೇಟಿ. "ಬರ್ರಿ, ಕುಂದರ್ರಿ" ಎಂದು ಎಂದಿನಂತೆಯೇ ಕಂಬಳಿ ಹಾಸಿದ, ಚಹಾ ಮಾಡಿಸಿದ. ತಪ್ಪು ನನ್ನದು ಎಂದೆ. ತೋಳದ ಸುದ್ದಿ ಅವನಿಗೆ ಗೊತ್ತೇ ಇತ್ತು. ಸೂಜಿ ಹಾಕಿದ ಮೇಲೆ ಕಿವಿಯ ಗಾಯ ನೋಡಿ ಸುಮ್ಮನಿದ್ದದ್ದನ್ನೂ ಹೇಳಿದೆ. ಅವನು ನೆಲ ನೋಡುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ಒಂದ ಮಾತು ಕೇಳ್ತೇನ್ರಿ. ಅವತ್ತ ಅಷ್ಟು ಮಂದ್ಯಾಗ ಹೇಳುವಾಗ ನಿಮಗ ಖಾತ್ರಿ ಇತ್ತೇನ್ರಿ?"

ಹೌದು ಎಂದಿದ್ದರೆ ಅವನಿಗೂ ಸ್ವಲ್ಪ ಸಮಾಧಾನವಾಗುತ್ತಿತ್ತೇನೋ. ಆದರೆ ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಇರಲಿಲ್ಲ" ಎಂದೆ.

ಅಜ್ಜ ಚಹಾದ ಖಾಲಿ ಕಪ್ಪನ್ನು ಪಕ್ಕಕ್ಕೆ ಇಟ್ಟ.

"ನನಗ ಇತ್ರಿ, ಬಾಯಾರ" ಎಂದ. "ಚಂದ್ರಿ ಅಲ್ಲ ಅಂತ ನನಗ ಖಾತ್ರಿ ಇತ್ತು."