ಬೀಳದ ಹೂವು

"ಹೂ ಬೀಳಲೇ ಇಲ್ವಲ್ಲ ಆಂಟಿ, ದೇವರು ಉತ್ತರ ಕೊಡ್ಲಿಲ್ಲ ಅಂತಾಯ್ತು!" ಎಂದೆ.

ಉತ್ತರಹಳ್ಳಿಯ ದೇವಿ ಗುಡಿಯಲ್ಲಿ ಪಕ್ಕದ ಮನೆಯ ಆಂಟಿ ಬಹಳ ಹೊತ್ತಿನಿಂದ ಕೈಮುಗಿದು ನಿಂತಿದ್ದರು. ಮರುದಿನ ಅಂಕಲ್‌ಗೆ ಹೃದಯದ ಆಪರೇಷನ್. ದೇವಿಯ ಬಲಗಡೆಯಿಂದ ಹೂ ಬಿದ್ದರೆ ಒಳ್ಳೆಯದಾಗುತ್ತದೆ, ಎಡಗಡೆಯಿಂದ ಬಿದ್ದರೆ ಇಲ್ಲ ಎಂಬುದು ಅವರ ನಂಬಿಕೆ. ಎರಡೂ ಕಡೆ ಬೀಳದಿದ್ದರೆ? ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಇಂಥ ಪಾಯಿಂಟ್ ಬಿಡುವುದುಂಟೆ?

ಆಂಟಿ ನಕ್ಕುಬಿಟ್ಟರು. "ನಿಮ್ಮ ಅಂಕಲ್ ಪೇಪರ್ ಹಿಡ್ಕೊಂಡು ಕೂತ್ರೆ ಏನ್ ಕೇಳಿದ್ರೂ ಮಾತಾಡಲ್ಲ ಕಣಮ್ಮ. ಹಂಗಂತ ಅವ್ರು ಮನೇಲೇ ಇಲ್ಲ ಅಂದ್ಕೊತೀನಾ? ನಡಿ, ಆಸ್ಪತ್ರೆಗೆ ಊಟ ತಗೊಂಡ್ಹೋಗ್ಬೇಕು."

ಹೇಳಿದವರೇ ಹಿಂದೆ ನೋಡದೆ ಹೊರಟರು. ನನ್ನ ಪ್ರತಿವಾದ ಆಗಲೂ ಸಿದ್ಧವಿತ್ತು, ಈಗಲೂ ಇದೆ. ಆದರೆ ಹೂ ಬೀಳುತ್ತದೇನೋ ಎಂದು ಹೊಸ್ತಿಲಲ್ಲಿ ನಿಂತು ತಿರುಗಿ ತಿರುಗಿ ನೋಡಿದ್ದು ನಾನೇ.